ಛಲೋ ಅನ್ನುವ ಮಾತು

ಬೆಳಗಿನಿಂದ ಫಕೀರಸಾಬನ ಬಾಯಲ್ಲಿ ಒಂದೇ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಹೊರಳಾಡುತ್ತಿತ್ತು. ‘ಹುಡುಗ ಛಲೋ ಅದಾನ್ರಿ.’ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡದ ಅಂಚು ಕತ್ತರಿಸುತ್ತ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದ. ಒಣಗಿದಂತೆ ಕೇಳಿಸಿತು. ‘ಹುಡುಗ ಭಾಳ ಛಲೋ ಅದಾನ್ರಿ’ ಅಂದ. ಈಗ ಸಂತೆಯಲ್ಲಿ ಎತ್ತು ಮಾರುವ ದಲಾಲಿಯ ಮಾತಾಯಿತು. ಕತ್ತರಿ ಕೆಳಗಿಟ್ಟು ತನ್ನ ಮುಖವನ್ನೇ ನೋಡಿಕೊಂಡ. ಜನ್ಮದಲ್ಲಿ ಎಷ್ಟು ಸಲ ಹೇಳಿಲ್ಲ ಈ ಮಾತನ್ನು! ಜೋಳ ಛಲೋ, ಹವಾ ಛಲೋ, ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ ಛಲೋ. ವರ್ಷಗಟ್ಟಲೆ ಹಾಸಿಗೆ ಹಿಡಿದವರು ಕಣ್ಣು ಮುಚ್ಚಿದರೂ ‘ಛಲೋ ಆಯ್ತು ಬಿಡ್ರಿ’. ಕೇಳದೆಯೂ ಬಾಯಿಂದ ಉದುರುವ ಮಾತಿಗೆ ಇವತ್ತು ತಾಲೀಮು ಬೇಕಾಗಿದೆಯಲ್ಲ ಎಂದು ಅವನಿಗೇ ಸೋಜಿಗವಾಯಿತು.

ಶಹಾಬಾದಿನ ಆ ಓಣಿಯಲ್ಲಿ ಅದೊಂದು ಪದ್ಧತಿ. ಹೆಣ್ಣಿನ ಕಡೆಯವರು ಗಂಡು ಗೊತ್ತುಮಾಡುವ ಮೊದಲು ಹೇಳದೆ ಕೇಳದೆ ಬರುತ್ತಾರೆ. ಗಂಡಿನ ಮನೆಗೆ ಕಾಲಿಡುವುದಿಲ್ಲ. ಚಹಾದ ಹೋಟೆಲಿನಲ್ಲಿ ಒಂದು ಮಾತು, ಹಿಟ್ಟಿನ ಗಿರಣಿಯಲ್ಲಿ ಒಂದು ಮಾತು ಕೇಳಿ, ಕಡೆಗೆ ಗೋಡೆಗೆ ಗೋಡೆ ಹತ್ತಿದ ಮನೆಗೆ ಬರುತ್ತಾರೆ. ಆ ಮನೆಯವರು ಬೇರೆ ಜಾತಿಯವರೋ ಬೇರೆ ಧರ್ಮದವರೋ ಆಗಿದ್ದರೆ ಇನ್ನೂ ವಾಸಿ. ತಮ್ಮವರನ್ನು ಕೇಳಿದರೆ ನೆಂಟಸ್ತನಕ್ಕೆ ಹೊಗಳುತ್ತಾರೆ, ಇಲ್ಲವೇ ಹೊಲದ ಬದುವಿನ ಜಗಳಕ್ಕೆ ತೆಗಳುತ್ತಾರೆ. ಹಾಗಾಗಿ ವಾಡಿ ಜಂಕ್ಷನ್ನಿನಲ್ಲಿ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ರಿಟೈರಾಗಿ ಬಂದ ಫಕೀರಸಾಬನಿಗೆ ಓಣಿ ತಾನಾಗಿಯೇ ಇನ್ನೊಂದು ನೌಕರಿ ಕೊಟ್ಟಿತ್ತು. ಬಂದವರನ್ನು ಕೂರಿಸುವುದು, ಗಂಟಲು ಸರಿಮಾಡಿಕೊಳ್ಳುವುದು, ಛಲೋ ಮಂದಿ ಅನ್ನುವುದು. ಮೈಮೇಲಿನ ಸರಕಾರಿ ನೀಲಿ ಅಂಗಿ ಹೋದ ಮೇಲೆ ಮಾನ ಕೊಡುತ್ತಿದ್ದದ್ದು ಇದೊಂದೇ, ಅದನ್ನವನು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದ. ಕೂಡುವ ಸಂಬಂಧ ನಮ್ಮ ಬಾಯಿಂದ ಮುರಿಯಬಾರದು, ಇದು ಓಣಿಯ ಒಳಕಾನೂನು. ಬಂದವರಿಗೂ ಅದು ಗೊತ್ತು. ಗೊತ್ತಿದ್ದೂ ಕೇಳುತ್ತಾರೆ, ಗೊತ್ತಿದ್ದೂ ಓಣಿಯವರು ಹೇಳುತ್ತಾರೆ, ಬಂದವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಹಾಗಾದರೆ ಅವರು ಕೇಳಿದ್ದಾದರೂ ಏನನ್ನು, ತಾನು ಇಷ್ಟು ದಿನ ಹೇಳಿದ್ದಾದರೂ ಏನನ್ನು?

ನಸುಕಿನಲ್ಲಿ ಭೀಮಬಾಯಿ ಬಂದು ಬಾಗಿಲ ಬಳಿ ನಿಂತಾಗಲೇ ಇದೆಲ್ಲ ಶುರುವಾದದ್ದು. ಪಕ್ಕದ ಮನೆಯವಳು, ದತ್ತುವಿನ ತಾಯಿ. ಗಂಡ ಹೋದ ಮೇಲೆ ಆ ಮನೆಯಲ್ಲಿ ತಾಯಿ ಮಗ ಇಬ್ಬರೇ. ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ ಅಂದಿದ್ದಳು, “ಅಣ್ಣಾ, ಸೇಡಂದವರು ಇವತ್ತು ನಿನ್ನ ಕೇಳಾಕ ಬರ್ತಾರಂತ, ಯಾರೋ ಅಂದ್ರು. ಛಲೋ ಅದಾನ ಅಂತ ಹೇಳು. ಅಷ್ಟೇ ಸಾಕು.”

“ಅದನ್ನ ನನಗ ಹೇಳಿಕೊಡಬೇಕೇನವ್ವಾ?” ಎಂದು ಫಕೀರಸಾಬ ನಕ್ಕಿದ್ದ. ಅವಳು ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ತನ್ನ ಮನೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ದನಿ ಇಳಿಸಿದಳು. “ಸೊಸಿ ಅಂತ ಒಬ್ಬಾಕಿ ಬಂದ್ರ ಅಂವ ನನ್ನ ಕಡಿ ನೋಡೂದು ಬಿಡ್ತಾನ. ಆಕಿ ಸಣ್ಣಾಕಿ ಇರ್ತಾಳ, ತಡಕೋತಾಳ.” ಆಡಿದ್ದು ತನ್ನ ಕಿವಿಗೇ ಬಿದ್ದಂತೆ ಬೆಚ್ಚಿ, ಒಲೆಯ ಮೇಲೆ ಹಾಲಿಟ್ಟು ಬಂದೆ ಅನ್ನುತ್ತ ಹೊರಟುಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಹೆಂಡತಿ ಅಖ್ತರ ಬೇಗಂ ಹೊಸ್ತಿಲಿಗೆ ಬಂದು, ಬರುವವರಿಗೆ ಖರೆ ಹೇಳಬಾರದೇ ಅಂದಳು. “ತುಮಾರೆಕು ಕ್ಯಾ ಮಾಲೂಮ್? ಅಂದರ್ ಜಾವ್,” ಅಂದ ಫಕೀರಸಾಬ. ನಿನಗೇನು ಗೊತ್ತು, ಒಳಗೆ ಹೋಗು ಅನ್ನುವುದನ್ನು ಮೆಲ್ಲಗೇ ಅಂದ. ಹೆಂಡತಿಯ ಮೇಲೆ ದನಿ ಏರಿಸಿದವನಲ್ಲ ಅವನು, ಮದುವೆಯಾದಾಗಿನಿಂದ ಒಂದು ದಿನವೂ ಇಲ್ಲ; ಮಸೀದಿಯ ಕಟ್ಟೆಯ ಮೇಲೆ ಬೇರೆಯವರು ತಮ್ಮ ಮನೆಯ ರಾದ್ಧಾಂತ ಹೇಳಿಕೊಳ್ಳುವಾಗ ಅವನು ಸುಮ್ಮನೆ ಕೂತು ಒಳಗೊಳಗೇ ಬೀಗುತ್ತಿದ್ದ. ಅಖ್ತರ ಬೇಗಂ ಒಳಗೆ ಹೋದಳು. ಹೋಗು ಅಂದರೆ ಹೋಗುವವಳು, ಅದೊಂದು ಗುಣ ಅವಳದು.

ತಡಕೋತಾಳ. ಏನನ್ನು? ಗಡ್ಡ ಕತ್ತರಿಸಿ ಮುಗಿದರೂ ಅವನು ಕನ್ನಡಿಯ ಮುಂದಿನಿಂದ ಏಳಲಿಲ್ಲ. ದತ್ತು ಕುಡಿಯುವುದಿಲ್ಲ. ಸಿಮೆಂಟಿನ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಸೂಪರ್‌ವೈಸರ್. ಸಂಬಳ ನೇರವಾಗಿ ಮನೆಗೆ. ಓಣಿಯಲ್ಲಿ ಯಾರ ಹೆಣ ಎತ್ತಬೇಕಾದರೂ ಮೊದಲ ಹೆಗಲು ಅವನದು. ಆ ಕೆಟ್ಟ ರೋಗದ ವರ್ಷ ಫಕೀರಸಾಬನಿಗೆ ಉಸಿರು ಸಿಗದಾದಾಗ ಸ್ವಂತ ಅಣ್ಣನ ಮಗ ಫೋನ್ ಆಫ್ ಮಾಡಿಕೊಂಡು ಕೂತಿದ್ದ. ದತ್ತು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಬೀಳದಂತೆ ತನ್ನ ನಡುವಿಗೇ ಟವೆಲ್ಲಿನಿಂದ ಕಟ್ಟಿಕೊಂಡು, ಕಲಬುರಗಿಯವರೆಗೆ ಹೊಡೆದುಕೊಂಡು ಹೋಗಿದ್ದ. ಹುಡುಗನ ಬೆನ್ನಿಗೆ ಗಲ್ಲ ಒತ್ತಿಕೊಂಡು, ಅವನ ಬೆವರಿನ ವಾಸನೆ ಕುಡಿಯುತ್ತ, ಇವನೊಬ್ಬ ಇದ್ದದ್ದಕ್ಕೆ ನಾನಿದ್ದೇನೆ ಎಂದು ಅತ್ತದ್ದು ಫಕೀರಸಾಬನಿಗೆ ಈಗಲೂ ನೆನಪಿದೆ. ದವಾಖಾನೆಯ ಬಾಗಿಲಲ್ಲಿ ಒಳಗೆ ಬಿಡುವುದಿಲ್ಲ ಅಂದಾಗ ದತ್ತು ಜಗಳವಾಡಲಿಲ್ಲ. ಅಲ್ಲಿದ್ದ ಕಾವಲುಗಾರನ ಹತ್ತಿರ ಹೋಗಿ ತೀರ ಮೆತ್ತಗೆ ಏನೋ ಅಂದ. ಕಾವಲುಗಾರ ಮುಖ ಬಾಡಿಸಿಕೊಂಡು ಬಾಗಿಲು ತೆಗೆದಿದ್ದ. ಏನಂದ ಎಂದು ಆಗ ಕೇಳುವ ತ್ರಾಣವಿರಲಿಲ್ಲ. ಆಮೇಲೆ ಕೇಳಬಹುದಿತ್ತು.

ಮತ್ತೆ ಆ ಗೋಡೆ. ಎರಡೂ ಮನೆಗೂ ಸೇರಿ ಒಂದೇ ಗೋಡೆ, ಶಹಾಬಾದಿ ಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು. ಒಳಕೋಣೆಯಲ್ಲಿ ದೀಪ ಇಡುವ ಗೂಡು ಇರುವ ಕಡೆ ಎರಡೂ ಬದಿಯ ಗೂಡುಗಳು ಬೆನ್ನಿಗೆ ಬೆನ್ನು ಹಚ್ಚಿದ್ದು, ನಡುವೆ ಒಂದೇ ಒಂದು ಚಪ್ಪಡಿ. ಅಲ್ಲಿ ಕೂತರೆ ಭೀಮಬಾಯಿಯ ಮನೆ ಕಿವಿಯಲ್ಲೇ ಇದ್ದಂತೆ. ಹಗಲೆಲ್ಲ ಅವಳದು ಮಾತೇ ಮಾತು. ನಲ್ಲಿಗೆ ಬೈಯುತ್ತಾಳೆ, ಬೆಕ್ಕಿಗೆ ಬುದ್ಧಿ ಹೇಳುತ್ತಾಳೆ, ಚಿಂಚೋಳಿಯಲ್ಲಿರುವ ತಂಗಿಗೆ ಫೋನು ಹಚ್ಚಿ ಗಂಟಲು ಹರಿಯುವಂತೆ ನಗುತ್ತಾಳೆ. ಸಂಜೆ ಓಣಿಯ ಬಾಯಲ್ಲಿ ದತ್ತುವಿನ ಬೈಕಿನ ಸದ್ದಾದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ‘ಮತ್ತ ಆಕಿ ಏನಂದ್ಳು ಅಂದ್ರ—’ ಅಷ್ಟೇ. ಆಮೇಲೆ ದತ್ತುವಿನ ಮೆತ್ತನೆಯ ದನಿ, ಶಬ್ದ ತಿಳಿಯದಷ್ಟು ಮೆತ್ತಗೆ. ಆಮೇಲೆ ಏನೂ ಇಲ್ಲ. ಪಾತ್ರೆ ಬೀಳುವುದಿಲ್ಲ, ಅಳು ಕೇಳುವುದಿಲ್ಲ. ಬೆಳಗಿನವರೆಗೆ ಆ ಮನೆಯಲ್ಲಿ ಹೆಂಗಸೊಬ್ಬಳು ಇದ್ದಾಳೆಂದು ಹೇಳಲು ಬಾರದು. ಏನೂ ಕೇಳದೇ ಇದ್ದದ್ದನ್ನು ‘ಕೇಳಿದ್ದೇನೆ’ ಅನ್ನುವುದು ಹೇಗೆ? ಬಂದವರ ಮುಂದೆ ‘ಅವನ ತಾಯಿ ಸುಮ್ಮನಾಗ್ತಾಳ್ರಿ’ ಅಂದರೆ, ‘ಅದಕ್ಕೇನ್ರಿ, ಹೆಣ್ಮಕ್ಕಳು ಸುಮ್ಮನಿದ್ರ ಛಲೋನೇ’ ಅಂದಾರು. ಚಿಕ್ಕವನಿದ್ದಾಗ ಫಕೀರಸಾಬನ ಅಮ್ಮಿ ಅವನ ತಲೆ ನೇವರಿಸಿ ‘ಮೇರಾ ನೇಕ್ ಬಚ್ಚಾ’ ಅನ್ನುತ್ತಿದ್ದಳು. ನೇಕ್ ಎಂದರೇನೆಂದು ಕೇಳಿದ್ದಕ್ಕೆ, ಎದುರು ಮಾತಾಡದವನು ಎಂದಿದ್ದಳು. ಅವನು ಆವತ್ತಿನಿಂದ ಇವತ್ತಿನವರೆಗೆ ಎದುರು ಮಾತಾಡಿರಲಿಲ್ಲ. ಅಪ್ಪನಿಗಾಗಲಿ, ಸ್ಟೇಷನ್ ಮಾಸ್ತರನಿಗಾಗಲಿ, ಓಣಿಗಾಗಲಿ. ಇದನ್ನೇ ಜನ ಒಳ್ಳೆಯತನ ಅನ್ನುತ್ತಾರೋ, ಅಥವಾ ಒಳ್ಳೆಯತನವಿರಬೇಕಾದ ಜಾಗದಲ್ಲಿ ಇದೊಂದು ಬಂದು ಕೂತುಬಿಟ್ಟಿದೆಯೋ? ಹೀಗೆ ಯೋಚಿಸುವುದು ಅವನಿಗೆ ಹೊಸದು. ಹೆದರಿಕೆಗಿಂತ ಹೆಚ್ಚಾಗಿ ಕುತೂಹಲವೇ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಆಟೋ ನಿಂತಿತು. ಫಕೀರಸಾಬ ಎಂದಿನಂತೆ ಇಬ್ಬರು ಗಂಡಸರು ಬರುತ್ತಾರೆಂದು ಕಟ್ಟೆಯ ಮೇಲೆ ಎರಡು ಕುರ್ಚಿ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ. ಇಳಿದವರು ಇಬ್ಬರು ಹೆಂಗಸರು. ಒಬ್ಬಳು ನಡುವಯಸ್ಸಿನವಳು, ಅಂಬುಜಾ, ಹುಡುಗಿಯ ಚಿಕ್ಕಮ್ಮ. ಅವಳ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ತರುಣಿ. “ಇವರು?” ಎಂದು ಫಕೀರಸಾಬ ಕೇಳಿದ್ದಕ್ಕೆ ಅಂಬುಜಾ ನಾಚಿಕೆಯಿಂದ, “ಇಕಿನೇ ಹುಡುಗಿರಿ, ಭಾಗ್ಯಜ್ಯೋತಿ. ನಾನೇ ಕೇಳ್ತೀನಿ ಅಂತ ಹಟ ಹಿಡದು ಬಂದಾಳ, ಏನ್ ಮಾಡಬೇಕ್ರಿ,” ಅಂದಳು. ಹುಡುಗಿಯೇ ಬಂದು ಗಂಡನ್ನು ವಿಚಾರಿಸುವುದು ಫಕೀರಸಾಬನ ಅನುಭವದಲ್ಲಿ ಇರಲಿಲ್ಲ. ಅವನು ಎದ್ದು ನಿಂತು, ಮತ್ತೆ ಕೂತು, ಕುರ್ಚಿ ಅವರಿಗೆ ಬಿಟ್ಟುಕೊಡಬೇಕೆಂದು ನೆನಪಾಗಿ ಪುನಃ ಎದ್ದ. ಎದ್ದ ರಭಸಕ್ಕೆ ಕನ್ನಡಿ ಉರುಳಿತು. ಹುಡುಗಿಯೇ ಬಗ್ಗಿ ಎತ್ತಿಕೊಟ್ಟಳು. ಅಖ್ತರ ಬೇಗಂ ಬಂದು ಅಂಬುಜಾಳ ಕೈ ಹಿಡಿದು, ಒಳಗ ಬರ್ರಿ, ಚಾ ಮಾಡೂಣ ಅನ್ನುತ್ತ ಅಡಿಗೆಮನೆಗೆ ಕರೆದೊಯ್ದಳು. ಕಟ್ಟೆಯ ಮೇಲೆ ಇವರಿಬ್ಬರೇ ಉಳಿದರು.

“ಹುಡುಗ ಛಲೋ ಅದಾನವ,” ಅಂದುಬಿಟ್ಟ ಫಕೀರಸಾಬ, ಅವಳು ಕೇಳುವ ಮೊದಲೇ.

“ಹೌದ್ರೀ ಕಾಕಾ. ಹೋಟೆಲ್‌ನವರೂ ಹಂಗೇ ಅಂದ್ರು, ಗಿರಣಿಯವರೂ ಅಂದ್ರು.” ಅವಳ ದನಿಯಲ್ಲಿ ಕೊಂಕಿರಲಿಲ್ಲ. “ನಾ ಸೇಡಂದಾಗ ದವಾಖಾನಿ ಲ್ಯಾಬಿನ್ಯಾಗ ರಕ್ತಾ ತಪಾಸ ಮಾಡ್ತೀನ್ರಿ. ಬಂದವರೆಲ್ಲ ಆರಾಮ ಅದೀನಿ ಅಂತಾರ. ಸೂಜಿ ಚುಚ್ಚಿದ ಮ್ಯಾಲೇ ಗೊತ್ತಾಗೂದು. ಛಲೋ ಅಂದ್ರ ಏನ್ರಿ? ಒಂದು ಏನರೆ ಹೇಳ್ರಿ, ನೀವು ಕಣ್ಣಿಲೆ ನೋಡಿದ್ದು.”

“ಕುಡಿಯೂದಿಲ್ಲ.”

“ಅದು ಮಾಡದೇ ಇರೂದಾಯ್ತು. ಮಾಡಿದ್ದು ಹೇಳ್ರಿ.”

ಫಕೀರಸಾಬನಿಗೆ ಸಿಟ್ಟು ಬರಬೇಕಿತ್ತು, ಇಷ್ಟು ವರ್ಷ ಯಾರೂ ಅವನ ಮಾತಿಗೆ ಪುರಾವೆ ಕೇಳಿರಲಿಲ್ಲ. ಬರಲಿಲ್ಲ. ಬದಲಿಗೆ ಹೊಟ್ಟೆಯೊಳಗಿನಿಂದ ಆ ಬೈಕಿನ ಕತೆ ತಾನಾಗಿಯೇ ಎದ್ದು ಬಂತು. ಉಸಿರಿಲ್ಲದ್ದು, ಟವೆಲ್ಲಿನಿಂದ ಕಟ್ಟಿಕೊಂಡದ್ದು, ಬೆನ್ನು, ಬೆವರು, ತಾನು ಅತ್ತದ್ದು, ಯಾರಿಗೂ ಹೇಳದ್ದನ್ನೆಲ್ಲ ಹೇಳಿದ. ಒಂದಕ್ಷರ ಸುಳ್ಳಿರಲಿಲ್ಲ. ಹೇಳುತ್ತ ಹೇಳುತ್ತ ಹುಡುಗಿಯ ಮುಖ ಬಿಚ್ಚಿಕೊಂಡದ್ದನ್ನು ಕಂಡ. ಅವಳು ಚೀಲವನ್ನು ತೊಡೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡಳು. “ಇಷ್ಟೇ ಬೇಕಾಗಿತ್ರಿ ಕಾಕಾ. ಮಂದಿ ಬಾಗಿಲಾ ಹಾಕ್ಕೊಂಡಾಗ ಬಾಗಿಲಾ ತೆಗೆಯಾಂವ ಛಲೋನೇ ಇರಬೇಕು,” ಅಂದು ನಕ್ಕಳು. ಆ ನಗು ನೋಡಿದ್ದೇ ಫಕೀರಸಾಬನಿಗೆ ತಾನು ಹೇಳದೆ ಬಿಟ್ಟದ್ದು ನೆನಪಾಯಿತು. ಸುಳ್ಳು ಹೇಳಿದ್ದರೆ ತಿದ್ದಬಹುದಿತ್ತು. ಖರೆ ಹೇಳಿ ಮೋಸ ಮಾಡಿದ್ದನ್ನು ತಿದ್ದುವ ಮಾತು ಯಾವುದು? ಈಗ ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಎಲ್ಲ ಸುಸೂತ್ರ. ದತ್ತುವಿನ ಋಣ ತೀರುತ್ತದೆ, ಭೀಮಬಾಯಿಗೆ ಉಸಿರು ಸಿಗುತ್ತದೆ, ಓಣಿಯ ಒಳಕಾನೂನು ಉಳಿಯುತ್ತದೆ. ಈ ಹುಡುಗಿ ಮಾತ್ರ ಗೋಡೆಯ ಆ ಬದಿಗೆ ಹೋಗುತ್ತಾಳೆ.

“ಚಾ ಕುಡೀದ ಹ್ಯಾಂಗ್ ಹೋಗ್ತಿ? ಒಳಗ ಬಾರವ್ವ, ಇಲ್ಲಿ ಸೊಳ್ಳಿ ಬರ್ತಾವ,” ಅಂದ. ಸೊಳ್ಳೆ ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಗೂಡಿನ ಬಳಿ ಚಾಪೆಯ ಮೇಲೆ ಕೂರಿಸಿದ. ತಾನು ಎದುರಿಗೆ ಕೂತ. ಅವಳು ಗೂಡಿನತ್ತ, ಅವನ ಮುಖದತ್ತ ನೋಡಿದಳು. ಗೋಡೆಯಾಚೆ ಭೀಮಬಾಯಿ ಫೋನಿನಲ್ಲಿದ್ದಳು.

“...ಹುಡುಗಿ ಕಲತಾಕಿ ಅದಾಳಂತ ಬೇ. ಮುಂಜಾನಿ ಇಬ್ಬರೂ ಕೂಡಿ ರೊಟ್ಟಿ ಬಡಿತೀವಿ, ಆಕಿ ಸೇಡಂ ಸುದ್ದಿ ಹೇಳ್ತಾಳ, ನಾ ಚಿಂಚೋಳಿ ಸುದ್ದಿ ಹೇಳ್ತೀನಿ. ನನ್ನ ಹಸಿರು ಇಳಕಲ್ ಆಕಿಗೇ ಉಡಸ್ತೀನಿ ನೋಡು, ಅಂವ ಬ್ಯಾಡ ಅಂದ್ರೂ ಉಡಸ್ತೀನಿ...” ಆಮೇಲೆ ಆ ಗಂಟಲು ಹರಿಯುವ ನಗು. ಭಾಗ್ಯಜ್ಯೋತಿಯೂ ಸದ್ದಿಲ್ಲದೆ ನಕ್ಕಳು. ತನ್ನ ಬಗ್ಗೆ ಇಷ್ಟು ಆಸೆಯಿಂದ ಮಾತಾಡುವವರನ್ನು ಕದ್ದು ಕೇಳುತ್ತಿದ್ದೇನಲ್ಲ ಎಂಬ ಸಂಕೋಚ, ಸಂತೋಷ ಎರಡೂ ಅವಳ ಮುಖದಲ್ಲಿದ್ದವು. ಫಕೀರಸಾಬ ಬೇರೆಡೆ ನೋಡಿದ. ಅಡಿಗೆಮನೆಯಲ್ಲಿ ಅಖ್ತರ ಬೇಗಂ ಯಾವುದೋ ದರ್ಗಾದ ಉರುಸಿನಲ್ಲಿ ಚಪ್ಪಲಿ ಕಳೆದುಕೊಂಡ ಕತೆಯನ್ನು ಅಂಬುಜಾಳಿಗೆ ರಸವತ್ತಾಗಿ ಹೇಳುತ್ತಿದ್ದಳು. ಆ ಕತೆ ಅವನೂ ಕೇಳಿರಲಿಲ್ಲ.

ಓಣಿಯ ಬಾಯಲ್ಲಿ ಬೈಕು ಸದ್ದು ಮಾಡಿತು.

“...ಮತ್ತ ಲಗ್ನ ಚಿತ್ತಾಪುರದಾಗ ಮಾಡಿದ್ರ ನಿಮಗೂ ಬರಾಕ—” ಎಂದು ಆಚೆಯ ಮಾತು ನಿಂತಿತು. ಫೋನು ಇಟ್ಟ ಸದ್ದೂ ಇಲ್ಲ. ಬಾಗಿಲು ತೆರೆಯಿತು. ದತ್ತುವಿನ ದನಿ ಕೇಳಿಸಿತು, ಮಗುವನ್ನು ಮಲಗಿಸುವವರ ದನಿಯಷ್ಟು ಮೆತ್ತಗೆ, ಶಬ್ದ ಒಂದೂ ತಿಳಿಯಲಿಲ್ಲ. ತಾಯಿಯ ಉತ್ತರ ಬರಲಿಲ್ಲ. ಇನ್ನೊಮ್ಮೆ ಅದೇ ಮೆತ್ತನೆಯ ದನಿ. ಆಮೇಲೆ ಏನೂ ಇಲ್ಲ. ಭಾಗ್ಯಜ್ಯೋತಿ ಮೊದಲು ಮುಂದಿನ ಮಾತಿಗೆ ಕಾದಳು, ಫೋನಿನಲ್ಲಿ ಲೈನು ಕಡಿದಾಗ ಕಾಯುವಂತೆ. ನಂತರ ನಿಧಾನವಾಗಿ ಕೈ ಎತ್ತಿ ಗೂಡಿನ ಚಪ್ಪಡಿಯ ಮೇಲೆ ಅಂಗೈ ಇಟ್ಟಳು.

“ಹೊಡಿತಾನೇನ್ರಿ?”

“ಇಲ್ಲವ್ವ. ಹೊಡದಿದ್ದು ನಾ ಎಂದೂ ಕೇಳಿಲ್ಲ.”

“ಬೈತಾನ?”

“ಅದೂ ಇಲ್ಲ.”

“ಮತ್ತ ಏನಂತಾನ?”

“ಗೊತ್ತಿಲ್ಲ.”

“ದಿನಾ ಹಿಂಗೇ?”

ಅವನು ಹೌದೆಂದು ತಲೆಯಾಡಿಸಿದ. ತಲೆಯಾಡಿಸುವುದು ಇಷ್ಟು ಭಾರದ ಕೆಲಸವೆಂದು ಗೊತ್ತಿರಲಿಲ್ಲ. “ಆದ್ರ ಬೈಕಿನ್ದೂ ಖರೆ ಅದವ್ವ,” ಅಂದ ತಡವರಿಸುತ್ತ, “ಅಂವ ಇರಲಿಲ್ಲಂದ್ರ ನಾ ಇರತಿದ್ದಿಲ್ಲ. ಎರಡೂ ಖರೆನೇ. ಎರಡನ್ನೂ ಕೂಡಿಸಿ ಏನಂತ ಕರೀಬೇಕೋ ನನಗ ತಿಳಿಲಿಲ್ಲ, ಅದಕ್ಕ ನಿನ್ನ ಇಲ್ಲಿ ಕರಕೊಂಡು ಬಂದು ಕೂಡಿಸ್ದೆ.”

ಅವಳು ಅವನನ್ನು ದಿಟ್ಟಿಸಿ ನೋಡಿದಳು. “ಆ ಅವ್ವನ್ನ ಎಂದರೆ ಕೇಳೀರೇನ್ರಿ, ಯಾಕ ಸುಮ್ಮನಾಗ್ತಿ ಅಂತ?”

ಕೇಳಿರಲಿಲ್ಲ. ಬೆಕ್ಕಿನ ಬಗ್ಗೆ ಕೇಳಿದ್ದ, ನಲ್ಲಿಯ ಬಗ್ಗೆ ಕೇಳಿದ್ದ, ಇಷ್ಟು ವರ್ಷ ಪಕ್ಕದಲ್ಲಿದ್ದು ಅದೊಂದನ್ನು ಕೇಳಿರಲಿಲ್ಲ. ಬೇರೆಯವರ ಮನೆಯ ಮಾತಿಗೆ ಹೋಗದವನು ಎಂಬ ಹೆಸರಿತ್ತು ಅವನಿಗೆ. ಭಾಗ್ಯಜ್ಯೋತಿ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, “ನಾ ಒಲ್ಲೆ ಅಂತ ಹೇಳ್ತೀನ್ರಿ. ನಿಮ್ಮ ಹೆಸರು ಬರಂಗಿಲ್ಲ, ಚಿಂತಿ ಮಾಡಬ್ಯಾಡ್ರಿ. ನನಗೇ ಮನಸಿಲ್ಲ ಅಂತೀನಿ,” ಅಂದಳು. ಗೋಡೆಯ ಕಡೆ ನೋಡುತ್ತ ದನಿ ತಗ್ಗಿಸಿ, “ಆದ್ರ ಆಕಿ ಹಸಿರು ಸೀರಿ ತೆಗದಿಟ್ಟಾಳಲ್ರಿ,” ಅಂದಳು. ಕಣ್ಣು ತುಂಬಿದ್ದವು. ಫಕೀರಸಾಬನಿಗೂ ಅಳು ಬಂತು. ಒಬ್ಬಳನ್ನು ಉಳಿಸಿ ಇನ್ನೊಬ್ಬಳನ್ನು ಅಲ್ಲಿಯೇ ಬಿಟ್ಟೆನಲ್ಲ ಎಂದು ಸಂಕಟವಾಯಿತು. ಆದರೂ, ಯಾಕೆಂದು ಹೇಳಲಾರ, ಬೆಳಗಿನಿಂದ ಬಾಯಲ್ಲಿ ಸಿಕ್ಕಿಕೊಂಡಿದ್ದದ್ದು ಹೋಗಿ ಹಗುರಾಗಿತ್ತು. ಜೀವನದಲ್ಲಿ ಮೊದಲ ಸಲ ಒಂದು ಸಂಬಂಧ ಮುರಿದಿದ್ದೇನೆ, ಇದಕ್ಕೆ ಛಲೋ ಅನ್ನಬಹುದೇ ಎಂದು ತನ್ನನ್ನೇ ಕೇಳಿಕೊಂಡು, ಅನ್ನಬಹುದು ಎಂಬ ಉತ್ತರ ಮೆಲ್ಲಗೆ ಮೇಲೇಳುತ್ತಿರುವುದನ್ನು ಕಂಡು ಒಳಗೇ ಖುಷಿಪಟ್ಟ. ಆ ಖುಷಿಯಲ್ಲೇ ಹುಡುಗಿಯ ಹಿಂದೆ ಅಡಿಗೆಮನೆಗೆ ಹೋದ.

ಅವನು ಹೊಸ್ತಿಲಲ್ಲಿ ಕಾಣಿಸಿಕೊಂಡದ್ದೇ ಉರುಸಿನ ಚಪ್ಪಲಿಯ ಕತೆ ನಿಂತಿತು. ಅಖ್ತರ ಬೇಗಂ ಸೆರಗು ತಲೆಯ ಮೇಲೆ ಎಳೆದುಕೊಂಡು ಒಲೆಯ ಕಡೆ ತಿರುಗಿ ಚಹಾ ಸೋಸತೊಡಗಿದಳು. “ಮುಂದ ಏನಾಯ್ತ್ರಿ ಅಕ್ಕಾ, ಒಂದೇ ಚಪ್ಪಲಿ ಹಾಕ್ಕೊಂಡು ಮನಿಗೆ ಬಂದ್ರೇನು?” ಎಂದು ಅಂಬುಜಾ ನಗುತ್ತ ಕೇಳಿದಳು. “ಏನೋ ಬಿಡ್ರಿ, ಹಳೇ ಮಾತು,” ಅಂದಳು ಅಖ್ತರ ಬೇಗಂ. ಭಾಗ್ಯಜ್ಯೋತಿ ಲೋಟ ತೆಗೆದುಕೊಳ್ಳಲು ಕೈ ಚಾಚಿದವಳು ಹಾಗೇ ನಿಂತಳು. ಅಖ್ತರ ಬೇಗಂಳ ಬೆನ್ನನ್ನು ನೋಡಿದಳು. ನಂತರ, ತಮಾಷೆಗೆ ಅನ್ನುವಂತೆ ಹಗುರವಾಗಿ, ಆದರೆ ತಮಾಷೆಯಲ್ಲದ ಕಣ್ಣಿನಿಂದ ಕೇಳಿದಳು:

“ಕಾಕೀ, ಇವರು ಹ್ಯಾಂಗ್ರಿ?”

“ಏ ಹುಚ್ಚಿ, ಹಿರ್ಯಾರಿಗೆ ಹಂಗ ಕೇಳ್ತಾರೇನು?” ಎಂದು ಅಂಬುಜಾ ಗದರಿದಳು. ಫಕೀರಸಾಬ ನಕ್ಕ. ನಗುತ್ತಲೇ ಹೆಂಡತಿಯ ಉತ್ತರಕ್ಕೆ ಕಾದ. ಒಲೆಯ ಮೇಲೆ ಉಳಿದ ಚಹಾ ಕುದಿಯುತ್ತಿತ್ತು. ಅಖ್ತರ ಬೇಗಂ ಅದನ್ನು ಇಳಿಸಿದಳು, ಒಲೆ ಆರಿಸಿದಳು, ಅರಿವೆಯಿಂದ ಕೈ ಒರೆಸಿಕೊಂಡಳು. ಅವನ ನಗು ಮುಖದ ಮೇಲೆ ಇದ್ದಲ್ಲಿಯೇ ಉಳಿದು, ಅದನ್ನು ಏನು ಮಾಡಬೇಕೆಂದು ತಿಳಿಯದಾಯಿತು.

“ಛಲೋ ಅದಾರವ್ವ,” ಅಂದಳು ಅಖ್ತರ ಬೇಗಂ, ಅವನ ಕಡೆ ನೋಡದೆ. “ತೊಗೋ, ಚಾ ಆರ್ತದ.”